ಬ್ರೇಕ್ ಇಲ್ಲದ ಜಾವಾ, ಆರು ಸಲದ ವಿಶ್ವ ಚಾಂಪಿಯನ್

ಜಾವಾ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಟೂ-ಸ್ಟ್ರೋಕ್ ಗಾಡಿ. ಎರಡು ಸೈಲೆನ್ಸರ್, ಕಿಕ್‌ಗೂ ಗೇರ್‌ಗೂ ಒಂದೇ ಲಿವರ್. ಅದೇ ಹೆಸರಿನ ಇನ್ನೊಂದು ಜಾವಾ ಇದೆ, ಅದು ನಮ್ಮ ರಸ್ತೆಗಳಿಗೆ ಬಂದದ್ದಲ್ಲ. 500 ಸಿಸಿಯ ಒಂದೇ ಸಿಲಿಂಡರ್, ಫೋರ್-ಸ್ಟ್ರೋಕ್. ಲೈಟಿಲ್ಲ, ಹಾರ್ನಿಲ್ಲ, ಗೇರ್ ಬದಲಿಸುವ ಲಿವರ್ ಇಲ್ಲ, ಪೆಟ್ರೋಲೂ ಬೇಡ. ಮುಖ್ಯವಾಗಿ ಬ್ರೇಕಿಲ್ಲ. ಇದು ತಯಾರಾಗುತ್ತಿದ್ದುದು ಚೆಕೊಸ್ಲೊವಾಕಿಯಾದ ದಿವಿಶೋವ್ ಎಂಬ ಊರಿನಲ್ಲಿ. ಮೊದಲು ಇದರ ಹೆಸರು ಎಸೊ, 1964ರಲ್ಲಿ ಆ ಕಾರ್ಖಾನೆ ಜಾವಾದೊಳಗೆ ಸೇರಿದ ಮೇಲೆ ಜಾವಾ. ಈ ಗಾಡಿ ಓಡುವ ಪಂದ್ಯ ಸ್ಪೀಡ್‌ವೇ. ಆ ಪಂದ್ಯದಲ್ಲಿ ಆರು ಬಾರಿ ವಿಶ್ವ ಚಾಂಪಿಯನ್ ಆದವರು ನ್ಯೂಜಿಲೆಂಡಿನ ಐವನ್ ಮೇಜರ್. ಇಂಗ್ಲಿಷ್ ಕಾಗುಣಿತ ನೋಡಿದವರು ‘ಮಾಗರ್’ ಎಂದು ಓದಿಬಿಡುತ್ತಾರೆ. ಉಚ್ಚಾರ ಮಾತ್ರ ಮೇಜರ್ ಎಂದೇ.

ಪಂದ್ಯದ ನಿಯಮ ಸರಳ. ಅಂಡಾಕಾರದ ಮಣ್ಣಿನ ಟ್ರ್ಯಾಕ್, ನಾಲ್ಕು ಸವಾರರು, ನಾಲ್ಕು ಸುತ್ತು, ನಿಂತಲ್ಲಿಂದ ಆರಂಭ, ಎಡಕ್ಕೆ ಮಾತ್ರ ತಿರುವು. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಮೊದಲು ಬಂದವರಿಗೆ 3 ಅಂಕ, ಎರಡನೆಯವರಿಗೆ 2, ಮೂರನೆಯವರಿಗೆ 1, ಕೊನೆಯವರಿಗೆ ಸೊನ್ನೆ. ಮೇಜರ್ ಕಾಲದಲ್ಲಿ ವಿಶ್ವ ಪಟ್ಟ ತೀರ್ಮಾನವಾಗುತ್ತಿದ್ದುದು ಒಂದೇ ರಾತ್ರಿಯಲ್ಲಿ: 16 ಸವಾರರು, 20 ಓಟಗಳು, ಪ್ರತಿಯೊಬ್ಬರಿಗೂ ಐದು ಸರದಿ, ಪ್ರತಿಯೊಬ್ಬರೂ ಉಳಿದ ಹದಿನೈದು ಮಂದಿಯನ್ನು ಒಂದೊಂದು ಸಲ ಎದುರಿಸುವ ಹಾಗೆ ಹೊಂದಿಸಿದ ಪಟ್ಟಿ. ಐದೂ ಗೆದ್ದರೆ 15. ಅಂದರೆ ವರ್ಷವಿಡೀ ದುಡಿದು ಅರ್ಹತಾ ಸುತ್ತುಗಳನ್ನು ದಾಟಿ ಬಂದವನ ಹಣೆಬರಹ ಐದು ನಿಮಿಷದ ಸವಾರಿಯಲ್ಲಿತ್ತು. ಒಂದು ಸಲ ಕ್ಲಚ್ ಜಾರಿತು, ಒಂದು ಸಲ ಚೈನ್ ಕಳಚಿತು ಎಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಮೇಜರ್ ಮಾಡಿದ್ದೆಲ್ಲವನ್ನೂ ಈ ಲೆಕ್ಕ ಇಟ್ಟುಕೊಂಡೇ ನೋಡಬೇಕು.

ಅವರು ಹುಟ್ಟಿದ್ದು 1939ರ ಅಕ್ಟೋಬರ್ 4ರಂದು, ಕ್ರೈಸ್ಟ್‌ಚರ್ಚ್‌ನಲ್ಲಿ. ಆ ಊರೇ ಒಂದು ವಿಚಿತ್ರ. 1954 ಮತ್ತು 1956ರ ಚಾಂಪಿಯನ್ ರಾನಿ ಮೂರ್ ಬೆಳೆದದ್ದು ಅಲ್ಲೇ. 1957, 1958, 1964, 1966ರಲ್ಲಿ ಗೆದ್ದ ಬ್ಯಾರಿ ಬ್ರಿಗ್ಸ್ ಕೂಡ ಅಲ್ಲಿಯವರೇ. ಮೇಜರ್ ಅವರದ್ದೂ ಸೇರಿಸಿದರೆ ಒಂದೇ ಊರಿನ ಮೂವರಿಂದ ಹನ್ನೆರಡು ವಿಶ್ವ ಪಟ್ಟ.

ಹದಿನೇಳರ ವಯಸ್ಸಿನಲ್ಲಿ, 1957ರಲ್ಲಿ, ಹೆಂಡತಿ ರೇ ಜೊತೆ ಇಂಗ್ಲೆಂಡಿಗೆ ಬಂದು ವಿಂಬಲ್ಡನ್ ತಂಡದ ಬಾಗಿಲು ತಟ್ಟಿದರು. (ಟೆನಿಸ್‌ನ ವಿಂಬಲ್ಡನ್ ಅಲ್ಲ, ಅದೇ ಪ್ರದೇಶದ ಪ್ಲೌ ಲೇನ್ ರಸ್ತೆಯ ಸ್ಟೇಡಿಯಂ.) ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಮೈದಾನದ ಕೆಲಸ, ಓಡಿಸಲು ಅವಕಾಶ ಕಡಿಮೆ. ಬೇರೂರಲು ಆಗದೆ ವಾಪಸು ಹೋದರು. ಮತ್ತೆ ಇಂಗ್ಲೆಂಡಿಗೆ ಬಂದದ್ದು 1963ರಲ್ಲಿ, ನ್ಯೂಕ್ಯಾಸಲ್ ಡೈಮಂಡ್ಸ್ ತಂಡಕ್ಕೆ. ಅದು ಪ್ರಾವಿನ್ಶಿಯಲ್ ಲೀಗ್, ಎರಡನೆಯ ದರ್ಜೆ. ಬಂದ ವರ್ಷವೇ ಆ ಲೀಗಿನ ಸವಾರರ ಚಾಂಪಿಯನ್‌ಶಿಪ್ ಗೆದ್ದರು, 1964ರಲ್ಲಿ ಇನ್ನೊಮ್ಮೆ. ಸೋತು ಹೋದ ಹುಡುಗ ಆರು ವರ್ಷದಲ್ಲಿ ಏನು ಕಲಿತುಬಂದ? ಸ್ಪೀಡ್‌ವೇ ಬಲ್ಲವರು ಇದಕ್ಕೆ ಕೊಡುವ ಉತ್ತರ ಒಂದೇ: ಸ್ಟಾರ್ಟ್.

ಆರಂಭದ ಗೆರೆಯ ಮುಂದೆ ಅಡ್ಡಲಾಗಿ ಪಟ್ಟಿ ಕಟ್ಟಿರುತ್ತಾರೆ, ರೆಫರಿ ಗುಂಡಿ ಒತ್ತಿದರೆ ಅದು ಚಿಮ್ಮಿ ಮೇಲೇಳುತ್ತದೆ. ಅದು ಏಳುವ ಮುನ್ನ ಗಾಡಿ ತಾಗಿದರೆ ಆ ಓಟದಿಂದ ಹೊರಗೆ. ಸವಾರನ ಎಡಗಾಲು ನೆಲದಲ್ಲಿ, ಬಲಗಾಲು ಫುಟ್‌ರೆಸ್ಟ್ ಮೇಲೆ, ಎದೆ ಹ್ಯಾಂಡಲ್ ಮೇಲೆ ಬಾಗಿರಬೇಕು. ಎಂಜಿನ್ ಪೂರ್ತಿ ಕೂಗುತ್ತಿರುತ್ತದೆ, ಎಡಗೈ ಕ್ಲಚ್ ಹಿಡಿದಿರುತ್ತದೆ. ಪಟ್ಟಿ ಅಲುಗಿದ ಕ್ಷಣಕ್ಕೆ ಕ್ಲಚ್ ಬಿಡಬೇಕು. ಎಷ್ಟು ಬೇಗ ಬಿಡಬೇಕು ಎಂಬುದರಲ್ಲೇ ಎಲ್ಲ ಇರುವುದು. ಒಮ್ಮೆಲೇ ಬಿಟ್ಟರೆ ಎರಡು ಅಪಾಯ: ನೆಲ ಗಟ್ಟಿಯಿದ್ದರೆ ಮುಂದಿನ ಚಕ್ರ ಗಾಳಿಗೆ ಏಳುತ್ತದೆ, ಅದನ್ನು ಇಳಿಸಲು ಆಕ್ಸಿಲರೇಟರ್ ಸಡಿಲಿಸಬೇಕು, ಅಷ್ಟರಲ್ಲಿ ಪಕ್ಕದವನು ಒಂದು ಗಾಡಿಯುದ್ದ ಮುಂದೆ. ನೆಲ ಸಡಿಲವಿದ್ದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತಿ ಗುಂಡಿ ತೋಡುತ್ತದೆ. ನಿಧಾನವಾಗಿ ಬಿಟ್ಟರೆ ಕ್ಲಚ್ ಪ್ಲೇಟ್ ಉಜ್ಜಿ ಸುಡುತ್ತದೆ. ಸ್ಪೀಡ್‌ವೇ ಕ್ಲಚ್ ಎಣ್ಣೆಯಿಲ್ಲದ ಒಣ ಕ್ಲಚ್, ಹಲವು ಪ್ಲೇಟುಗಳ ಜೋಡಣೆ. ಗೆರೆಯ ಬಳಿ ಹೆಚ್ಚು ಹೊತ್ತು ಹಿಡಿದು ನಿಂತರೆ ಪ್ಲೇಟ್‌ಗಳು ಬಿಸಿಯಾಗಿ ಹಿಗ್ಗಿ, ಕ್ಲಚ್ ಹಿಡಿದಿದ್ದರೂ ಗಾಡಿ ತಾನಾಗಿ ಮುಂದೆ ತೆವಳತೊಡಗುತ್ತದೆ. ಪಟ್ಟಿ ತಾಗಿ ಹೊರಹೋಗುವವರಲ್ಲಿ ಎಷ್ಟೋ ಮಂದಿ ಆತುರ ಪಟ್ಟವರಲ್ಲ, ಕ್ಲಚ್ ಕಾಯಿಸಿಕೊಂಡವರು.

ಹಾಗಾಗಿ ಗಾಡಿ ನಿಲ್ಲಿಸುವ ಜಾಗಕ್ಕೇ ಒಂದು ವಿದ್ಯೆ ಬೇಕು. ಹಿಂದಿನ ಓಟದವರು ತೋಡಿಟ್ಟ ಗುಂಡಿಯಲ್ಲಿ ಹಿಂದಿನ ಚಕ್ರ ಕೂತರೆ ಅದು ಹೊರಬರುವಾಗಲೇ ಅರ್ಧ ಸೆಕೆಂಡು ಹೋಯಿತು. ಬಲ್ಲ ಸವಾರ ಬೂಟಿನಿಂದ ಮಣ್ಣೆಳೆದು ಗುಂಡಿ ಮುಚ್ಚಿ, ತುಳಿದು ಗಟ್ಟಿ ಮಾಡಿ, ಸ್ವಲ್ಪ ತೇವವಿರುವ ಮಣ್ಣು ಹುಡುಕಿ, ಹಿಂದಿನ ಚಕ್ರ ಅದರ ಮೇಲೆ ಬರುವಂತೆ ಗಾಡಿ ತರುತ್ತಾನೆ. ಗೆರೆಗೆ ಬರಲು ಕೊಡುವ ಎರಡು ನಿಮಿಷದಲ್ಲೇ ಇದೆಲ್ಲ ಆಗಬೇಕು. ಮೀರಿದರೆ ಹೊರಗೆ. ನೋಡುವವರಿಗೆ ಇದು ತೋಟದ ಕೆಲಸದಂತೆ ಕಂಡು ಬೇಸರವಾಗುತ್ತದೆ, ಮೇಜರ್ ಅವರ ವಿರೋಧಿ ತಂಡದ ಅಭಿಮಾನಿಗಳಿಗಂತೂ ರೇಗಿಯೇ ಹೋಗುತ್ತಿತ್ತು. ಆದರೆ ಮೊದಲ ತಿರುವಿಗೆ ಮೊದಲು ಹೋದವನ ಮುಖಕ್ಕೆ ಮಣ್ಣು ಬೀಳುವುದಿಲ್ಲ. ಹಿಂದಿನ ಮೂವರಿಗೆ ಅವನ ಚಕ್ರ ಎರಚಿದ ಮಣ್ಣೇ ಕಾಣುವುದು. ಸವಾರಿಯಲ್ಲಿ ಮೇಜರ್ ಅವರಿಗಿಂತ ಹೆಚ್ಚು ಕಣ್ಣು ಸೆಳೆಯುವವರು ಆ ಕಾಲದಲ್ಲಿ ಹಲವರಿದ್ದರು. ಗೆರೆ ದಾಟುವುದರಲ್ಲಿ ಅವರ ಸಮಕ್ಕೆ ನಿಲ್ಲುವವರು ಬೆರಳೆಣಿಕೆ.

ಇನ್ನು ಎಂಜಿನ್. 1930ರ ದಶಕದಿಂದ ಸ್ಪೀಡ್‌ವೇಯನ್ನು ಆಳಿದ್ದು ಇಂಗ್ಲೆಂಡಿನ ಜೆಎಪಿ. ಅದರ ಸಿಲಿಂಡರ್ ವ್ಯಾಸ 80 ಮಿ.ಮೀ., ಪಿಸ್ಟನ್ ಓಡುವ ದೂರ 99 ಮಿ.ಮೀ. ಎಸೊ 88ಕ್ಕೆ 82. ಘನ ಅಳತೆ ಎರಡರದ್ದೂ ಹೆಚ್ಚುಕಡಿಮೆ 498 ಸಿಸಿ, ಆದರೆ ಸ್ವಭಾವ ಬೇರೆ. ನಿಮಿಷಕ್ಕೆ 7,000 ಸುತ್ತಿನಲ್ಲಿ ಜೆಎಪಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 23 ಮೀಟರ್ ದಾಟುತ್ತದೆ, ಎಸೊದ್ದು 19ರ ಆಸುಪಾಸು. ಅಂದರೆ ಅದೇ ಸುತ್ತಿಗೆ ಎಸೊ ಮೇಲೆ ಬೀಳುವ ಹೊರೆ ಕಡಿಮೆ. ವ್ಯಾಸ ದೊಡ್ಡದಾದ್ದರಿಂದ ವಾಲ್ವ್‌ಗಳಿಗೂ ಜಾಗ ಹೆಚ್ಚು. ಜೆಎಪಿ ಕೆಳಗಿನ ಸುತ್ತಿನಲ್ಲೇ ಎತ್ತಿನಂತೆ ಎಳೆಯುತ್ತಿತ್ತು, ಆದರೆ ಪದೇ ಪದೇ ಬಿಚ್ಚಿ ಜೋಡಿಸಬೇಕಿತ್ತು. 60ರ ದಶಕದ ನಡುವಿನ ಹೊತ್ತಿಗೆ ದೊಡ್ಡ ಸವಾರರು ಒಬ್ಬೊಬ್ಬರಾಗಿ ಎಸೊ ಕಡೆ ಸರಿದರು, ಮೇಜರ್ ಕೂಡ. ಬ್ರಿಟನ್ನಿನಲ್ಲಿ ಆ ಎಂಜಿನ್ ತರಿಸಿ ಮಾರುತ್ತಿದ್ದವರು ಬ್ಯಾರಿ ಬ್ರಿಗ್ಸ್. ಎದುರಾಳಿಯ ಅಂಗಡಿಯ ಸಾಮಾನಿನಲ್ಲೇ ಎದುರಾಳಿಯನ್ನು ಸೋಲಿಸುವುದು ಆ ಲೋಕದಲ್ಲಿ ನಡೆಯುತ್ತಿತ್ತು.

ಓಡಲು ಬೇಕಾದದ್ದು ಮೆಥನಾಲ್. ಒಂದು ಭಾಗ ಪೆಟ್ರೋಲ್ ಸುಡಲು 14.7 ಭಾಗ ಗಾಳಿ ಬೇಕಾದರೆ, ಮೆಥನಾಲ್‌ಗೆ 6.4 ಭಾಗ ಸಾಕು. ತಿರುಗಿಸಿ ಹೇಳಿದರೆ ಅದೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಇಂಧನ ಸುರಿಯಬೇಕು, ಕಾರ್ಬ್ಯುರೇಟರ್‌ನಲ್ಲಿ ಇಂಧನ ಬಿಡುವ ಜೆಟ್ಟುಗಳ ತೂತೂ ಅದಕ್ಕೆ ತಕ್ಕಂತೆ ದೊಡ್ಡದು. ಅಷ್ಟು ದ್ರವ ಆವಿಯಾಗುವಾಗ ಎಂಜಿನ್ನಿನ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೇ 14ಕ್ಕೆ 1ರ ಆಸುಪಾಸಿನ ಕಂಪ್ರೆಷನ್ ಇಟ್ಟರೂ ಎಂಜಿನ್ ಬಡಿದುಕೊಳ್ಳುವುದಿಲ್ಲ. ಜೆಟ್‌ನಲ್ಲಿ ಕಸ ಸಿಕ್ಕಿ ಇಂಧನ ಕಡಿಮೆಯಾದರೆ ಮಾತ್ರ ಕಥೆ ಮುಗಿಯಿತು. ಒಂದೇ ಓಟದಲ್ಲಿ ಪಿಸ್ಟನ್ ತಲೆ ತೂತಾಗಬಹುದು. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ ಬಣ್ಣ ನೋಡಿ ಮಿಶ್ರಣ ಊಹಿಸುವ ಮೆಕ್ಯಾನಿಕ್ ಇಲ್ಲಿ ತಬ್ಬಿಬ್ಬಾಗುತ್ತಾನೆ, ಏಕೆಂದರೆ ಮೆಥನಾಲ್ ಮಸಿ ಬಿಡುವುದಿಲ್ಲ. ಬಿಸಿಲಲ್ಲಿ ಅದರ ಜ್ವಾಲೆ ಕಣ್ಣಿಗೂ ಕಾಣದು. ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು, ಪ್ರಾಣ ತೆಗೆಯುವುದು ಇದೇ ಮೆಥನಾಲ್. ಪೈಪಿಗೆ ಬಾಯಿಟ್ಟು ಎಳೆಯುವ ನಮ್ಮ ಗ್ಯಾರೇಜ್ ಚಾಳಿ ಇಲ್ಲಿ ನಡೆಯುವುದಿಲ್ಲ.

ಎಂಜಿನ್‌ಗೆ ಹಾಕುವ ಎಣ್ಣೆ ಹರಳೆಣ್ಣೆ ಆಧಾರದ್ದು. ಸ್ಪೀಡ್‌ವೇ ಮೈದಾನದ ಗುರುತೇ ಆ ಸುಟ್ಟ ಹರಳೆಣ್ಣೆಯ ವಾಸನೆ. ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದು ಅದರ ಗುಣ. ಬಿಟ್ಟರೆ ಗೋಂದಿನಂತೆ ಗಟ್ಟಿಯಾಗುವುದು ದೋಷ. ಮೆಥನಾಲ್ ಬೇರೆ ಗಾಳಿಯ ತೇವ ಹೀರಿ ಕಾರ್ಬ್ಯುರೇಟರ್‌ನ ಅಲ್ಯೂಮಿನಿಯಂ ತಿಂದು ಬಿಳಿ ಪುಡಿ ಎಬ್ಬಿಸುತ್ತದೆ, ಆ ಪುಡಿ ಹೋಗಿ ಜೆಟ್‌ಗೆ ಅಡ್ಡ ಕೂರುತ್ತದೆ. ಆದ್ದರಿಂದ ಪಂದ್ಯ ಮುಗಿದ ರಾತ್ರಿಯೇ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹಳೆ ಎಣ್ಣೆ ಸುರಿದುಬಿಡಬೇಕು. ನಾಳೆ ಮಾಡೋಣ ಎಂದವನ ಗಾಡಿ ಮುಂದಿನ ವಾರ ಕೈಕೊಡುತ್ತದೆ.

ಗೇರ್ ಒಂದೇ ಆದರೂ ಅದನ್ನು ಆರಿಸುವ ಕೆಲಸ ತಪ್ಪುವುದಿಲ್ಲ. ಎಂಜಿನ್ನಿಂದ ಕ್ಲಚ್‌ಗೆ ಒಂದು ಚೈನ್, ಅಲ್ಲಿಂದ ಹಿಂದಿನ ಚಕ್ರಕ್ಕೆ ಇನ್ನೊಂದು. ಸಾಮಾನ್ಯವಾಗಿ ಬದಲಿಸುವುದು ಹಿಂದಿನ ಸ್ಪ್ರಾಕೆಟ್. 58 ಹಲ್ಲಿನದು ತೆಗೆದು 59 ಹಾಕಿದರೆ ಆಗುವ ವ್ಯತ್ಯಾಸ ಶೇಕಡಾ 1.7. ಕೇಳಲು ಸಣ್ಣದು, ಓಡಿಸುವವನಿಗೆ ದೊಡ್ಡದು. ದಪ್ಪ ಸಡಿಲ ಮಣ್ಣಿದ್ದು ಚಕ್ರಕ್ಕೆ ಹಿಡಿತ ಹೆಚ್ಚಿದ್ದರೆ ಎಂಜಿನ್ ಉಸಿರುಗಟ್ಟದಂತೆ ಹಲ್ಲು ಹೆಚ್ಚಿಸುತ್ತಾರೆ. ಮಣ್ಣು ಸವೆದು ನೆಲ ನುಣುಪಾದಾಗ ಹಲ್ಲು ಇಳಿಸುತ್ತಾರೆ, ಇಲ್ಲದಿದ್ದರೆ ಚಕ್ರ ವ್ಯರ್ಥವಾಗಿ ಸುತ್ತುತ್ತದೆಯೇ ಹೊರತು ಗಾಡಿ ಹೋಗುವುದಿಲ್ಲ. ಉದ್ದದ ಟ್ರ್ಯಾಕ್‌ಗೂ ಹಲ್ಲು ಕಡಿಮೆ. ತೊಂದರೆಯೆಂದರೆ ಒಂದೇ ಸಂಜೆಯಲ್ಲಿ ಟ್ರ್ಯಾಕ್ ಬದಲಾಗುತ್ತ ಹೋಗುತ್ತದೆ. ಚಕ್ರಗಳು ಮಣ್ಣನ್ನು ಹೊರ ಅಂಚಿಗೆ ದೂಡುತ್ತವೆ, ಒಳಬದಿ ನುಣುಪಾಗುತ್ತದೆ. ಆರಂಭದಲ್ಲಿ ಒಳಗಿನ ಒಂದನೇ ಜಾಗ ಲಾಭದಾಯಕವಾಗಿದ್ದರೆ, ಹತ್ತು ಓಟದ ಬಳಿಕ ನಾಲ್ಕನೇ ಜಾಗದಿಂದ ಹೊರಗಿನ ಮಣ್ಣು ಹಿಡಿದು ಬರುವವನೇ ಮುಂದೆ. ನೀರು ಸಿಂಪಡಿಸಿದರೆ ಮತ್ತೆ ಲೆಕ್ಕ ತಿರುಗುಮುರುಗು. ತನ್ನ ಸರದಿ ಇಲ್ಲದಾಗ ಪಿಟ್‌ನಲ್ಲಿ ಹರಟೆ ಹೊಡೆಯುವ ಸವಾರನಿಗೂ, ಬೇಲಿಯ ಬಳಿ ನಿಂತು ಯಾರ ಚಕ್ರ ಎಲ್ಲಿ ಜಾರಿತು ಎಂದು ನೋಡುವ ಸವಾರನಿಗೂ ಸಿಗುವ ಅಂಕದ ವ್ಯತ್ಯಾಸ ಇಲ್ಲಿಂದಲೇ ಹುಟ್ಟುವುದು.

ಬ್ರೇಕ್ ಯಾಕಿಲ್ಲ ಎಂದು ಹೊಸಬರು ಕೇಳುತ್ತಾರೆ. ನಾಲ್ಕು ಗಾಡಿ ಒಂದಕ್ಕೊಂದು ಮೊಳದಂತರದಲ್ಲಿ ಓಡುವಾಗ ಮುಂದಿನವನು ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಅವನ ಬೆನ್ನಿಗೇ ಹೋಗಿ ಬೀಳುತ್ತಾರೆ. ಆದ್ದರಿಂದ ಇಲ್ಲದಿರುವುದೇ ಸುರಕ್ಷಿತ. ವೇಗ ಇಳಿಯುವುದು ಅಡ್ಡ ಜಾರುವುದರಿಂದ. ತಿರುವಿಗೆ ಮುನ್ನ ಗಾಡಿಯನ್ನು ಎಡಕ್ಕೆ ಒರಗಿಸಿ ಆಕ್ಸಿಲರೇಟರ್ ಕೊಟ್ಟರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಬಲಕ್ಕೆ ಸರಿಯುತ್ತದೆ, ಆಗ ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಎಡ ಬೂಟಿನಡಿ ಕಟ್ಟಿದ ಉಕ್ಕಿನ ತಗಡು ನೆಲ ಉಜ್ಜುತ್ತಿರುತ್ತದೆ. ಆ ಕಾಲು ಗಾಡಿಯ ಭಾರ ಹೊರುವುದಕ್ಕಲ್ಲ, ಸಮತೋಲನ ಅಂದಾಜು ಮಾಡುವುದಕ್ಕೆ. ಮೈಭಾರ ಬಲ ಫುಟ್‌ರೆಸ್ಟ್ ಮೇಲೆ. ಹೆದರಿ ಆಕ್ಸಿಲರೇಟರ್ ತಟ್ಟನೆ ಮುಚ್ಚಿದರೆ ಜಾರುತ್ತಿದ್ದ ಹಿಂದಿನ ಚಕ್ರ ಒಮ್ಮೆಲೇ ನೆಲ ಕಚ್ಚಿ ಸವಾರನನ್ನು ಬಲಗಡೆಗೆ ಎತ್ತಿ ಎಸೆಯುತ್ತದೆ. ಹೊಸಬರ ಮೂಳೆ ಮುರಿಯುವುದು ಹೆಚ್ಚಾಗಿ ಹೀಗೆ, ವೇಗದಿಂದಲ್ಲ. ಬಲ ಮಣಿಕಟ್ಟಿಗೆ ಕಟ್ಟಿದ ದಾರವೊಂದು ಎಂಜಿನ್ ಸ್ವಿಚ್‌ಗೆ ಹೋಗಿರುತ್ತದೆ. ಬಿದ್ದ ಕೂಡಲೇ ಅದು ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಇಲ್ಲವಾದರೆ ಬಿದ್ದ ಗಾಡಿ ತಾನೇ ತಾನಾಗಿ ಜನರ ಮೇಲೆ ಹೋಗುತ್ತಿತ್ತು.

1967ರ ವೆಂಬ್ಲಿ ಫೈನಲ್‌ನಲ್ಲಿ ಮೇಜರ್ ಮೂರನೆಯವರಾದರು. ಮುಂದಿನ ವರ್ಷ ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಐದಕ್ಕೆ ಐದು, 15 ಅಂಕ, ಮೊದಲ ಪಟ್ಟ. 1969ರಲ್ಲಿ ವೆಂಬ್ಲಿಯಲ್ಲಿ 14. 1970ರ ಫೈನಲ್ ಪೋಲೆಂಡಿನ ವ್ರೊಟ್ಸ್‌ವಾಫ್‌ನಲ್ಲಿ. ಪೋಲಿಷ್ ಸವಾರರೇ ಎರಡನೆಯ, ಮೂರನೆಯ ಸ್ಥಾನಕ್ಕೆ ಬಂದರೂ ಮೊದಲ ಸ್ಥಾನ ಮತ್ತೆ 15 ಅಂಕಗಳೊಂದಿಗೆ ಮೇಜರ್‌ಗೆ. ಸತತ ಮೂರು ವರ್ಷ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಮೂರನೆಯದನ್ನೂ ಗೆದ್ದರೆ ಗಾಡಿಗೆ ಚಿನ್ನದ ಲೇಪ ಹಾಕಿಸುತ್ತೇವೆ ಎಂದು ಅಮೆರಿಕದ ಇಬ್ಬರು ಅಭಿಮಾನಿಗಳು ಮಾತು ಕೊಟ್ಟಿದ್ದರು, ಹಾಕಿಸಿಯೂ ಹಾಕಿಸಿದರು. ಆ ಗಾಡಿ ಈಗ ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್‌ಬರಿ ವಸ್ತುಸಂಗ್ರಹಾಲಯದ ಸ್ವತ್ತು.

1971ರಲ್ಲಿ ಸರಪಳಿ ಮುರಿದವರು ಡೆನ್ಮಾರ್ಕಿನ ಓಲೆ ಓಲ್ಸನ್. ನ್ಯೂಕ್ಯಾಸಲ್‌ನಲ್ಲಿ ಮೇಜರ್ ಅವರ ನೆರಳಿನಲ್ಲೇ ಪಳಗಿದ ಹುಡುಗ, ಗುರುವಿನ ಸ್ಟಾರ್ಟ್ ಕಲಿತು ಗುರುವಿಗೇ ತಿರುಗಿಸಿದ. 1972ರಲ್ಲಿ ವೆಂಬ್ಲಿಯಲ್ಲಿ ಮೇಜರ್ ಮತ್ತು ಸ್ವೀಡನ್ನಿನ ಬೆರ್ನ್ಟ್ ಪೆರ್ಸನ್ ಇಬ್ಬರದೂ 13. ನಿರ್ಣಾಯಕ ಓಟದಲ್ಲಿ ಮೇಜರ್ ಗೆದ್ದರು. ಅದೇ ರಾತ್ರಿ ಬಿದ್ದ ಬ್ರಿಗ್ಸ್ ಎಡಗೈಯ ಒಂದು ಬೆರಳು ಕಳೆದುಕೊಂಡರು. 1973ರಲ್ಲಿ ಪೋಲೆಂಡಿನ ಹೋಜುಫ್‌ನಲ್ಲಿ ಮತ್ತೆ ಅದೇ ಸನ್ನಿವೇಶ, 13ಕ್ಕೆ 13, ಎದುರಾಳಿ ಯೆಜಿ ಷ್ಚಾಕಿಯೆಲ್. ಆ ದಿನ ಹಿಂದೆ ಬಿದ್ದವರು ಮೇಜರ್. ದಾಟಲು ಹೋಗಿ ಎದುರಾಳಿಯ ಹಿಂದಿನ ಚಕ್ರಕ್ಕೆ ತಾಗಿ ನೆಲಕ್ಕುರುಳಿದರು. ಪೋಲೆಂಡಿಗೆ ಮೊದಲ ವೈಯಕ್ತಿಕ ವಿಶ್ವ ಪಟ್ಟ ಸಿಕ್ಕಿದ್ದು ಹೀಗೆ. ಸ್ಟಾರ್ಟ್‌ನಲ್ಲೇ ಬದುಕು ಕಟ್ಟಿಕೊಂಡವರು ಸ್ಟಾರ್ಟ್‌ನಲ್ಲಿ ಹಿಂದುಳಿದ ಒಂದು ದಿನ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗದು.

ಇವೆಲ್ಲ ವರ್ಷಕ್ಕೊಂದು ರಾತ್ರಿಯ ಮಾತು. ಹೊಟ್ಟೆಪಾಡು ಇಂಗ್ಲೆಂಡಿನ ತಂಡಗಳ ನಡುವಿನ ಲೀಗ್‌ನಲ್ಲಿ. ಸ್ಪೀಡ್‌ವೇ ಸವಾರ ಸಂಬಳದವನಲ್ಲ. ಗಾಡಿ, ಎಂಜಿನ್, ವ್ಯಾನ್, ಮೆಕ್ಯಾನಿಕ್ ಎಲ್ಲ ಅವನದೇ ಖರ್ಚು. ತಂಡ ಕೊಡುವುದು ಹೆಚ್ಚಾಗಿ ಓಡಿದ ಓಟಕ್ಕಿಷ್ಟು, ಗಳಿಸಿದ ಅಂಕಕ್ಕಿಷ್ಟು ಎಂಬ ಲೆಕ್ಕದಲ್ಲಿ. ಎಂಜಿನ್ ಸಿಡಿದರೆ ಆ ವಾರದ ಗಳಿಕೆ ಅದಕ್ಕೇ ಹೋಯಿತು. ಕಾಲು ಮುರಿದರೆ ಗಳಿಕೆಯೇ ಇಲ್ಲ. ಮೇಜರ್ 1969ರಿಂದ 1972ರವರೆಗೆ ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡದಲ್ಲಿದ್ದರು, 1970, 71, 72 ಮೂರೂ ವರ್ಷ ಲೀಗ್ ಅವರದೇ. ಆಮೇಲೆ ಎಕ್ಸೆಟರ್, 1974ರಲ್ಲಿ ಅಲ್ಲೂ ಲೀಗ್ ಪಟ್ಟ. ಎಕ್ಸೆಟರ್ ಟ್ರ್ಯಾಕ್‌ನ ಸುತ್ತ ಇದ್ದದ್ದು ಉಕ್ಕಿನ ಬೇಲಿ. ಈಗಿನ ಗಾಳಿ ತುಂಬಿದ ಮೆತ್ತೆಯ ಬೇಲಿ ನೋಡಿದವರಿಗೆ ಅದರ ಪಕ್ಕ ಪೂರ್ತಿ ವೇಗದಲ್ಲಿ ಹೋಗುವುದು ಎಂದರೇನು ಎಂದು ಊಹಿಸುವುದೂ ಕಷ್ಟ. 1978ರಿಂದ ಹಲ್ ತಂಡ. ನಡುನಡುವೆ ಯುರೋಪಿನ ಲಾಂಗ್ ಟ್ರ್ಯಾಕ್, ಅಂದರೆ ಸಾವಿರ ಮೀಟರ್‌ವರೆಗಿನ ಸುತ್ತು, ಎರಡು ಗೇರಿನ ಗಾಡಿ. ಅದರಲ್ಲೂ 1971, 1972, 1976ರಲ್ಲಿ ವಿಶ್ವ ಪಟ್ಟ.

1975ರಲ್ಲಿ ಇಂಗ್ಲೆಂಡಿನ ವೆಸ್ಲೇಕ್ ನಾಲ್ಕು ವಾಲ್ವ್‌ನ ಎಂಜಿನ್ ತಂದಾಗ ಎರಡು ವಾಲ್ವ್‌ನ ಜಾವಾ ಒಮ್ಮೆಲೇ ಹಳತಾಯಿತು. 1976ರಲ್ಲಿ ಪೀಟರ್ ಕಾಲಿನ್ಸ್ ವೆಸ್ಲೇಕ್ ಮೇಲೆ ವಿಶ್ವ ಪಟ್ಟ ಗೆದ್ದರು. ಮೇಜರ್ ಕಾಲ ಮುಗಿಯಿತು ಎಂದುಕೊಂಡವರು ಬಹಳ. 1977ರಲ್ಲಿ ಗೊಥೆನ್‌ಬರ್ಗ್‌ನಲ್ಲಿ ಅವರು 14 ಅಂಕ ಗಳಿಸಿ ಗೆದ್ದರು, ಕಾಲಿನ್ಸ್ 13, ಓಲ್ಸನ್ 12. 1979ರ ಸೆಪ್ಟೆಂಬರಿನಲ್ಲಿ ಆರನೆಯದು, ಆರು ವರ್ಷದ ಹಿಂದೆ ನೆಲಕ್ಕುರುಳಿದ ಅದೇ ಹೋಜುಫ್‌ನಲ್ಲಿ, ನಲವತ್ತಕ್ಕೆ ಒಂದು ತಿಂಗಳು ಬಾಕಿ ಇರುವಾಗ. ಅದೇ ವರ್ಷ ನ್ಯೂಜಿಲೆಂಡ್ ತಂಡ ವಿಶ್ವ ತಂಡ ಪ್ರಶಸ್ತಿಯನ್ನೂ ಗೆದ್ದಿತು, ಅದರಲ್ಲೂ ಮೇಜರ್ ಇದ್ದರು. 80ರ ದಶಕದ ನಡುವೆ ಸವಾರಿ ನಿಲ್ಲಿಸಿ, ಕೊನೆಗೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನೆಲೆಸಿ, 2018ರ ಏಪ್ರಿಲ್ 16ರಂದು ಅಲ್ಲೇ ತೀರಿಕೊಂಡರು.

ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್ 2005ರಲ್ಲಿ ಆರರ ಲೆಕ್ಕ ಮುಟ್ಟಿದರು, ಆಮೇಲೆ ಪೋಲೆಂಡಿನ ಬಾರ್ಟೊಷ್ ಜ್ಮಾರ್ಜ್ಲಿಕ್. ಯಾರು ದೊಡ್ಡವರು ಎಂಬ ಜಗಳ ಸ್ಪೀಡ್‌ವೇ ಮಂದಿಯ ನಡುವೆ ನಿಲ್ಲುವುದಿಲ್ಲ. 1995ರಿಂದ ಪಟ್ಟ ನಿರ್ಧಾರವಾಗುವುದು ಋತುವಿಡೀ ನಡೆಯುವ ಗ್ರ್ಯಾನ್ ಪ್ರಿ ಸರಣಿಯ ಒಟ್ಟು ಅಂಕದ ಮೇಲೆ, ಒಂದು ರಾತ್ರಿ ಚೈನ್ ಹರಿದರೆ ಮುಂದಿನ ಸುತ್ತಿನಲ್ಲಿ ತುಂಬಿಕೊಳ್ಳಬಹುದು. ರಿಕಾರ್ಡ್‌ಸನ್ ಅವರ ಆರರಲ್ಲಿ ಹಳೆಯ ಒಂದು ರಾತ್ರಿಯ ಫೈನಲ್‌ನಲ್ಲಿ ಬಂದದ್ದು 1994ರದ್ದು ಒಂದೇ, ಜ್ಮಾರ್ಜ್ಲಿಕ್ ಅವರದ್ದು ಒಂದೂ ಇಲ್ಲ. ಮೇಜರ್ ಅವರ ಆರೂ ಒಂದೊಂದು ರಾತ್ರಿಯವು.